ಜಪ್ತಿಗೆ ಬಂದ ಮುಖ

ಅಮೆರಿಕದ ಹಳೆಯ ಕಪ್ಪು-ಬಿಳುಪು ಸಿನಿಮಾಗಳಲ್ಲಿ ಬಡವರು ಸುಖವಾಗಿರುವುದಕ್ಕೂ ಒಂದು ಮಿತಿಯಿದೆ. ಮನೆಮಂದಿಯೆಲ್ಲ ಹಾಡಿ ಕುಣಿದು ಇನ್ನೇನು ಊಟಕ್ಕೆ ಕೂರಬೇಕು, ಬಾಗಿಲು ಬಡಿದ ಸದ್ದಾಗುತ್ತದೆ. ತೆರೆದರೆ ಒಬ್ಬ ಸಣಕಲು ಮನುಷ್ಯ. ತಲೆಯ ಮೇಲೆ ಹ್ಯಾಟು, ಚೂಪು ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಕಾಗದಪತ್ರ. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ. ಬಾಡಿಗೆ, ತೆರಿಗೆ, ಸಾಲದ ಕಂತು, ಇವುಗಳಲ್ಲಿ ಒಂದರ ಹೆಸರೆತ್ತಿ, ಕೊಡದಿದ್ದರೆ ಏನಾಗುತ್ತದೆಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಎರಡು ನಿಮಿಷದ ಕೆಲಸ. ಆಮೇಲೆ ಆ ಚಿತ್ರದಲ್ಲಿ ಅವನು ಮತ್ತೆ ಕಾಣುವುದಿಲ್ಲ. ಮುಂದಿನ ಚಿತ್ರದಲ್ಲಿ ಕಾಣುತ್ತಾನೆ.

ಈ ಮನುಷ್ಯನ ಹೆಸರು ಚಾರ್ಲ್ಸ್ ಲೇನ್. ಅಮೆರಿಕದವರಲ್ಲೇ ಎಷ್ಟೋ ಜನಕ್ಕೆ ಮುಖ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವರಿಗೆ 'ಅಮೀನ' ಎಂದು ನಾಮಕರಣವಾಗಿದೆ. ಕೋರ್ಟಿನ ಕಡೆಯಿಂದ ಜಪ್ತಿಗೆ ಬರುತ್ತಾನಲ್ಲ, ಆ ಅಮೀನ. ಹೆಸರಿಟ್ಟವಳು ನನ್ನ ಹೆಂಡತಿ. ರಾತ್ರಿ ಊಟವಾದ ಮೇಲೆ ನಾನು ಯಾವುದಾದರೂ ಹಳೆಯ ಇಂಗ್ಲಿಷ್ ಚಿತ್ರ ಹಾಕಿಕೊಂಡು ಕೂತರೆ ಅವಳು ಕೈ ಒರೆಸಿಕೊಳ್ಳುತ್ತ ಬಂದು ಅರ್ಧದಲ್ಲಿ ಸೇರಿಕೊಳ್ಳುತ್ತಾಳೆ. ಕಥೆ ಗೊತ್ತಿಲ್ಲ, ಮಾತು ಪೂರ್ತಿ ಅರ್ಥವಾಗುವುದಿಲ್ಲ. ಆದರೂ "ರೀ, ಬಂದ ನೋಡಿ ನಿಮ್ಮ ಅಮೀನ. ಇನ್ನು ಅವರ ಪಾತ್ರೆ-ಪಗಡೆ ಉಳಿಯಲ್ಲ" ಎನ್ನುತ್ತಾಳೆ. ಒಂದು ಮಾತನ್ನೂ ಆಡುವ ಮೊದಲೇ ಅವಳಿಗೆ ಅಷ್ಟು ತಿಳಿಯಿತಲ್ಲ, ಅದರ ಮೇಲೆಯೇ ಲೇನ್ ಅರವತ್ತಕ್ಕೂ ಹೆಚ್ಚು ವರ್ಷ ಅನ್ನ ಉಂಡದ್ದು.

'ನಿಮ್ಮ' ಅಮೀನ ಎಂದು ಒತ್ತಿ ಹೇಳುವುದರಲ್ಲಿ ಒಂದು ಕುಟುಕಿದೆ. ನಾನು ಕೆಲಸದಲ್ಲಿದ್ದದ್ದು ಲೆಕ್ಕಪತ್ರದ ವಿಭಾಗದಲ್ಲಿ. ಜನ ನಗುನಗುತ್ತಾ ತರುತ್ತಿದ್ದ ಬಿಲ್ಲುಗಳ ಮೇಲೆ ಆಕ್ಷೇಪಣೆಯ ಷರಾ ಬರೆದು ಹಿಂದಕ್ಕೆ ಕಳಿಸುವುದೇ ನನ್ನ ಕಸುಬು. ಹಾಗಾಗಿ ತೆರೆಯ ಮೇಲೆ ಈ ಮನುಷ್ಯ ಬಂದು ಎಲ್ಲರ ಮುಖ ಇಳಿಸಿದಾಗ ನನಗೆ ಒಳಗೊಳಗೇ ನಮ್ಮವನೊಬ್ಬ ಸಿಕ್ಕಿದ ಸಮಾಧಾನ. ಈ ಬರಹದಲ್ಲಿ ಪಕ್ಷಪಾತ ಕಂಡರೆ ಓದುಗರು ಅದನ್ನು ಜಾತ್ಯಭಿಮಾನವೆಂದು ತಿಳಿಯಬೇಕು.

ಲೇನ್ ಹುಟ್ಟಿದ್ದು 1905ರ ಜನವರಿ 26ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಮನೆಯವರ ಲೆಕ್ಕದಲ್ಲಿ ಅವರು ಚಾರ್ಲ್ಸ್ ಲೆವಿಸನ್. ವರ್ಷ ತುಂಬಿ ಇನ್ನೂ ಮೂರು ತಿಂಗಳಾಗಿರಲಿಲ್ಲ, 1906ರ ಏಪ್ರಿಲ್‌ನಲ್ಲಿ ಆ ಊರನ್ನು ನೆಲಸಮ ಮಾಡಿದ ಭೂಕಂಪವಾಯಿತು. ಅದನ್ನು ದಾಟಿ ನೂರು ವರ್ಷ ಬಾಳಿದ ಕೊನೆಯ ಕೆಲವರಲ್ಲಿ ಲೇನ್ ಒಬ್ಬರು. ಭೂಮಿಯೇ ಅಲ್ಲಾಡಿಸಿ ನೋಡಿ ಬಿಟ್ಟುಬಿಟ್ಟ ಮನುಷ್ಯ ಎಂದ ಮೇಲೆ ನಿರ್ದೇಶಕರ ಕೂಗಾಟಕ್ಕೆ ಬೆದರಿಯಾನೆ?

ದೊಡ್ಡವರಾದ ಮೇಲೆ ಅವರು ಹಿಡಿದ ಮೊದಲ ಕೆಲಸ ಇನ್ಶೂರೆನ್ಸ್ ಮಾರುವುದು. ನನಗೆ ಅವರ ಬದುಕಿನಲ್ಲಿ ಬಹಳ ಇಷ್ಟವಾದ ಸಂಗತಿ ಇದೇ. ಇನ್ಶೂರೆನ್ಸ್ ಏಜೆಂಟನ ಸ್ಥಿತಿ ಎಂಥದೆಂದು ಬಲ್ಲವರೇ ಬಲ್ಲರು. ಅವನು ಬರುವುದನ್ನು ಕಿಟಕಿಯಲ್ಲಿ ಕಂಡು ಮನೆಯ ಯಜಮಾನ ಹಿತ್ತಿಲಿಗೆ ಹೋಗುತ್ತಾನೆ. "ಅವರಿಲ್ಲ" ಎಂದು ಮಗುವಿನ ಕೈಲಿ ಹೇಳಿಸುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಬೇಡ, ಆಗಲ್ಲ, ಮುಂದಿನ ತಿಂಗಳು ನೋಡೋಣ. ಇಷ್ಟನ್ನೂ ಎಷ್ಟು ಬಗೆಯ ಮುಖಗಳು ಎಷ್ಟು ಬಗೆಯ ದನಿಯಲ್ಲಿ ಹೇಳುತ್ತವೆ ಎಂಬುದನ್ನು ಲೇನ್ ಎದುರುಗಡೆ ನಿಂತು ಅಭ್ಯಾಸ ಮಾಡಿರಬೇಕು. ಇದು ನನ್ನ ಊಹೆ. ಆದರೆ ಬ್ಯಾಂಕಿನ ಅಧಿಕಾರಿಯಾಗಿ ಅವರು ಕಡತದಿಂದ ತಲೆಯೆತ್ತದೆಯೇ ಸಾಲ ನಿರಾಕರಿಸುವ ಬೆಡಗು ನೋಡಿದರೆ, ಅದು ಯಾವ ನಾಟಕ ಶಾಲೆಯಲ್ಲೂ ಕಲಿಸುವಂಥದ್ದಲ್ಲ ಎನ್ನಿಸುತ್ತದೆ.

ಇರ್ವಿಂಗ್ ಪಿಚೆಲ್ ಎಂಬ ನಟ-ನಿರ್ದೇಶಕ ಮಿತ್ರರು, ನೀನು ನಾಟಕ ಮಾಡಬಾರದೇಕೆ ಎಂದರು. ಲೇನ್ ಕ್ಯಾಲಿಫೋರ್ನಿಯಾದ ಪಸಡೀನಾ ಪ್ಲೇಹೌಸ್ ಸೇರಿದರು. ಅಲ್ಲಿಂದ ಹಾಲಿವುಡ್ ದೂರವೇನಲ್ಲ. 1931ರಲ್ಲಿ ಎಡ್ವರ್ಡ್ ಜಿ. ರಾಬಿನ್‌ಸನ್ ನಾಯಕನಾಗಿದ್ದ 'ಸ್ಮಾರ್ಟ್ ಮನಿ'ಯಲ್ಲಿ ಅವರಿಗೆ ಒಂದು ಸಣ್ಣ ಪಾತ್ರ ಸಿಕ್ಕಿತು: ಹೋಟೆಲಿನ ಕೌಂಟರಿನ ಹಿಂದೆ ನಿಂತ ಗುಮಾಸ್ತ. ಒಮ್ಮೆ ಕೌಂಟರಿನ ಹಿಂದೆ ನಿಂತವರನ್ನು ಆ ಊರು ಈಚೆ ಬಿಡಲಿಲ್ಲ.

ಸಿನಿಮಾ ಮಾತು ಕಲಿತು ಮೂರು-ನಾಲ್ಕು ವರ್ಷವಷ್ಟೇ ಆಗಿತ್ತು. ಸ್ಟುಡಿಯೋಗಳು ಚಿತ್ರಗಳನ್ನು ಒಂದರ ಹಿಂದೊಂದು ಹೊರಹಾಕುತ್ತಿದ್ದವು. ಪ್ರತಿಯೊಂದರಲ್ಲೂ ಒಬ್ಬ ಗುಮಾಸ್ತ, ಒಬ್ಬ ವರದಿಗಾರ, ಒಬ್ಬ ಲೆಕ್ಕಿಗ ಬೇಕೇ ಬೇಕು. ಲೇನ್ ಅವರಿಗೆ ದಿನಕ್ಕೆ 35 ಡಾಲರ್. 1933 ಒಂದೇ ವರ್ಷದಲ್ಲಿ 23 ಚಿತ್ರಗಳಲ್ಲಿ ಕಾಣಿಸಿಕೊಂಡರು ಎನ್ನುತ್ತಾರೆ. ಬೆಳಿಗ್ಗೆ ಒಂದು ಸೆಟ್ಟಿನಲ್ಲಿ ಬೈದು, ಮಧ್ಯಾಹ್ನ ಇನ್ನೊಂದರಲ್ಲಿ ಬೈದು ಮನೆಗೆ ಹೋಗುವ ನಟನಿಗೆ ಕಥೆ ಏನೆಂದು ಯಾರು ಹೇಳುತ್ತಾರೆ? ಎಷ್ಟೋ ಸಲ ಅವರು ಬಿಡುವಿನಲ್ಲಿ ಟಿಕೆಟ್ ಕೊಂಡು ಸಿನಿಮಾ ನೋಡಲು ಹೋದರೆ, ಆರಾಮವಾಗಿ ಕೂತಿದ್ದ ಹಾಗೆಯೇ ತೆರೆಯ ಮೇಲೆ ತಾವೇ ಬಂದುಬಿಡುತ್ತಿದ್ದರಂತೆ. ಅದರಲ್ಲಿ ನಟಿಸಿದ್ದೇ ನೆನಪಿರುತ್ತಿರಲಿಲ್ಲವಂತೆ. ದುಡ್ಡು ಕೊಟ್ಟು ಹೋಗಿ ತನ್ನಿಂದ ತಾನೇ ಬೈಸಿಕೊಂಡು ಬರುವ ಯೋಗ ಎಲ್ಲರಿಗೂ ಬರುವುದಿಲ್ಲ.

ಅದೇ 1933ರಲ್ಲಿ, ಬ್ಯಾಂಕುಗಳು ಮುಚ್ಚಿ ದೇಶವೇ ದಿಕ್ಕೆಟ್ಟಿದ್ದಾಗ, ಸ್ಟುಡಿಯೋಗಳು ಸಂಬಳವನ್ನು ಅರ್ಧದವರೆಗೂ ಕಡಿತ ಮಾಡಿದವು. ಕೆಲಸದ ಹೊತ್ತಿಗೆ ಗೊತ್ತುಗುರಿಯಿಲ್ಲ. ಮಧ್ಯರಾತ್ರಿ ಕಳೆದರೂ ಚಿತ್ರೀಕರಣ. ಆಗ ನಟರು ಕಟ್ಟಿಕೊಂಡ ಸಂಘ ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್. ಅದರ ಮೊದಲ ಸದಸ್ಯರಲ್ಲಿ ಲೇನ್ ಇದ್ದರು. ತೆರೆಯ ಮೇಲೆ ಸದಾ ಯಜಮಾನನ ಕಡೆಯಿಂದ ವಸೂಲಿಗೆ ಬರುತ್ತಿದ್ದವರು, ತೆರೆಯ ಹಿಂದೆ ಯಜಮಾನರ ಹತ್ತಿರ ವಸೂಲಿಗೆ ಹೊರಟರು.

ಅವರನ್ನು ಚೆನ್ನಾಗಿ ಬಳಸಿಕೊಂಡ ನಿರ್ದೇಶಕ ಫ್ರಾಂಕ್ ಕಾಪ್ರ. 'ಮಿಸ್ಟರ್ ಡೀಡ್ಸ್ ಗೋಸ್ ಟು ಟೌನ್' ಸೇರಿದಂತೆ ಒಂದರ ಮೇಲೊಂದು ಚಿತ್ರಕ್ಕೆ ಕರೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೇನ್ ಕರಾವಳಿ ಕಾವಲು ಪಡೆಗೆ ಸೇರಿದರು. ಆಗ, ನೀನು ನನ್ನ ಮೊದಲನೇ ನಂಬರಿನ ಊರುಗೋಲು ಎಂಬ ಅರ್ಥದಲ್ಲಿ ಕಾಪ್ರ ಅವರಿಗೊಂದು ಪತ್ರ ಬರೆದಿದ್ದರಂತೆ. ಲೇನ್ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಊರುಗೋಲಿಗೆ ಯಾರೂ ಪತ್ರ ಬರೆಯುವುದಿಲ್ಲ, ಬಂದ ಮೇಲೆ ಎಸೆಯಲಾದೀತೆ?

1938ರ 'ಯೂ ಕಾಂಟ್ ಟೇಕ್ ಇಟ್ ವಿತ್ ಯೂ' ಚಿತ್ರದಲ್ಲಿ ಲೇನ್ ಆದಾಯ ತೆರಿಗೆ ಇಲಾಖೆಯವರು. ಹೆಸರು ಹೆಂಡರ್ಸನ್. ಅವನು ಕಾಲಿಡುವ ಮನೆಯೋ, ಒಬ್ಬಳು ನಡುಮನೆಯಲ್ಲಿ ಕುಣಿಯುತ್ತಿರುತ್ತಾಳೆ, ಒಬ್ಬಳು ನಾಟಕ ಬರೆಯುತ್ತಿರುತ್ತಾಳೆ, ನೆಲಮಾಳಿಗೆಯಲ್ಲಿ ಪಟಾಕಿ ತಯಾರಾಗುತ್ತಿರುತ್ತದೆ. ಮನೆಯ ಅಜ್ಜನ ಪಾತ್ರದಲ್ಲಿ ಲಯನೆಲ್ ಬ್ಯಾರಿಮೋರ್. ಅಜ್ಜ ತೆರಿಗೆ ಕಟ್ಟಿಯೇ ಇಲ್ಲ. ಕಟ್ಟಿದರೆ ನನಗೇನು ಸಿಗುತ್ತದೆ ಎಂದು ಅಂಗಡಿಯವನನ್ನು ಕೇಳುವ ಹಾಗೆ ಕೇಳುತ್ತಾರೆ. ಹೆಂಡರ್ಸನ್ ಸೇನೆ, ನೌಕಾಪಡೆ, ಯುದ್ಧನೌಕೆ, ಸಂಸತ್ತು, ಸುಪ್ರೀಂ ಕೋರ್ಟು ಎಂದು ಎಣಿಸುತ್ತ ಹೋಗುತ್ತಾನೆ. ಯುದ್ಧನೌಕೆ ನನಗೇಕಪ್ಪ ಎಂದು ಅಜ್ಜ. ಹೆಂಡರ್ಸನ್ ದನಿ ಒಂದೊಂದೇ ಮೆಟ್ಟಿಲು ಏರುತ್ತದೆ. ಕೊರಳು ಬಿಗಿಯುತ್ತದೆ. ಕೊನೆಗೆ ಸರ್ಕಾರದ ಇಡೀ ಗಾಂಭೀರ್ಯ ಕೀರಲು ಸ್ವರದಲ್ಲಿ ಹೊರಬೀಳುತ್ತದೆ.

ನೋಡುವವರೆಲ್ಲ ಅಜ್ಜನ ಕಡೆ. ನನ್ನ ಹೆಂಡತಿಯೂ ಅಜ್ಜನ ಕಡೆ. "ಸರಿಯಾಗಿ ಕೇಳಿದರು ನೋಡಿ" ಎನ್ನುತ್ತಾಳೆ. ನಾನು ಮಾತ್ರ ಹೆಂಡರ್ಸನ್ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಹುಡುಕುತ್ತ ಕೂರುತ್ತೇನೆ. ಒಂದೂ ಸಿಕ್ಕಿಲ್ಲ. ಆತ ಹೇಳಿದ್ದೆಲ್ಲ ಕಾನೂನಿನ ಪ್ರಕಾರ ಸರಿ. ಬಾಕಿ ಇರುವುದು ನಿಜ, ನೋಟಿಸು ಕಳಿಸಿದ್ದು ನಿಜ. ಆದರೂ ಚಿತ್ರ ಅವನನ್ನು ನೋಡಿ ನಗುತ್ತದೆ. ಆ ವರ್ಷದ ಶ್ರೇಷ್ಠ ಚಿತ್ರವೆಂದು ಅದಕ್ಕೆ ಆಸ್ಕರ್ ಬಂತು. ಪ್ರಶಸ್ತಿ ಕೊಟ್ಟವರೆಲ್ಲ ಮಾರ್ಚ್ ತಿಂಗಳಲ್ಲಿ ತಪ್ಪದೆ ತೆರಿಗೆ ಕಟ್ಟಿದವರೇ ಇರಬೇಕು.

1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'ನಲ್ಲಿ ಅವರದು ಇನ್ನೂ ಚಿಕ್ಕ ಪಾತ್ರ. ಊರಿನ ಲೋಭಿ ಸಾಹುಕಾರ ಪಾಟರ್‌ನ ಬಾಡಿಗೆ ವಸೂಲಿಗಾರ. ಬಂದವನು ನಕ್ಷೆ ಮುಂದಿಟ್ಟುಕೊಂಡು ಯಜಮಾನನಿಗೆ ವರದಿ ಒಪ್ಪಿಸುತ್ತಾನೆ. ಜಾರ್ಜ್ ಬೇಲಿ ಎಂಬ ಪರೋಪಕಾರಿ ಸಾಲ ಕೊಟ್ಟು ಕಟ್ಟಿಸಿದ ಚಂದದ ಮನೆಗಳಿಗೆ ನಮ್ಮ ಬಾಡಿಗೆದಾರರೆಲ್ಲ ಹೋಗುತ್ತಿದ್ದಾರೆ. ನಾನೇನೋ ಸಣ್ಣ ವಸೂಲಿಗಾರ, ನನಗೇನು ನಷ್ಟವಿಲ್ಲ. ಆದರೆ ಈ ಹುಡುಗನನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು. ಕುಡಿದವರು, ದೇವದೂತರು, ಬಂಧುಬಳಗ ಎಲ್ಲರೂ ಜಾರ್ಜನ ಗುಣಗಾನ ಮಾಡುತ್ತಾರೆ. ಅವನ ಸಾಧನೆಯನ್ನು ಮನೆಗಳ ಲೆಕ್ಕದಲ್ಲಿ ಹೇಳಿದವನು ಶತ್ರುಪಾಳಯದ ಈ ಗುಮಾಸ್ತ. ಲೇನ್ ಆ ಮಾತನ್ನು ಮೆಚ್ಚುಗೆಯೆಂದು ಆಡುವುದಿಲ್ಲ, ಎಚ್ಚರಿಕೆಯೆಂದೂ ಆಡುವುದಿಲ್ಲ. ಹವಾಮಾನ ವರದಿ ಓದಿದ ಹಾಗೆ ಓದಿ ಹೊರಟುಬಿಡುತ್ತಾರೆ. ಅಮೆರಿಕದಲ್ಲಿ ಪ್ರತಿ ಕ್ರಿಸ್‌ಮಸ್ಸಿಗೂ ಈ ಚಿತ್ರ ಟಿ.ವಿ.ಯಲ್ಲಿ ಬರುತ್ತದೆ. ಹಾಗಾಗಿ ಆ ಬಾಡಿಗೆ ಲೆಕ್ಕ ವರ್ಷಕ್ಕೊಮ್ಮೆ ಪುನಃ ಮಂಡನೆಯಾಗುತ್ತಲೇ ಇದೆ.

ಟಿ.ವಿ. ಬಂದಾಗ ಎಷ್ಟೋ ಸಿನಿಮಾ ತಾರೆಯರು ಅದನ್ನು ಕಂಡು ಮೂಗು ಮುರಿದರು. ಲೇನ್ ಅವರ ಮೂಗು ಮೊದಲೇ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅರ್ಧ ಗಂಟೆಯ ಹಾಸ್ಯ ಧಾರಾವಾಹಿ; ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತೈದು ನಿಮಿಷ. ಅದರಲ್ಲಿ ಹೊಸಬನೊಬ್ಬ ಬಂದು ತಾನು ಯಾರು, ಎಂಥವನು ಎಂದು ಹೇಳಿಕೊಳ್ಳುತ್ತ ಕೂತರೆ ನಗಿಸುವುದು ಯಾವಾಗ? ಬಾಗಿಲಲ್ಲಿ ಕಂಡ ಕೂಡಲೇ ಇವನು ಒಪ್ಪುವುದಿಲ್ಲ ಎಂದು ಮನೆಮನೆಗೂ ಗೊತ್ತಾಗುವ ಮುಖವೊಂದು ಸಿಕ್ಕರೆ ಬರಹಗಾರನಿಗೆ ಎರಡು ಪುಟ ಉಳಿತಾಯ.

ಹಾಸ್ಯನಟಿ ಲೂಸಿಲ್ ಬಾಲ್ ಅವರಿಗೆ ಲೇನ್ ಮೂವತ್ತರ ದಶಕದಿಂದಲೇ ಪರಿಚಿತರು. ಆಗ ಇಬ್ಬರೂ ಆರ್‌ಕೆಓ ಸ್ಟುಡಿಯೋದಲ್ಲಿ ಚಿಲ್ಲರೆ ಪಾತ್ರಗಳಿಗೆ ಅಲೆಯುತ್ತಿದ್ದವರು. ಒಬ್ಬರು ದೇಶದ ಕಣ್ಮಣಿಯಾದರು, ಇನ್ನೊಬ್ಬರು ಕಣ್ಣಿನ ಕಿಸರಾದರು. ಗೆಳೆತನ ಮಾತ್ರ ಉಳಿಯಿತು. 1953ರ ಜನವರಿ 19ರಂದು, ಬಾಲ್ ನಾಯಕಿಯಾಗಿದ್ದ 'ಐ ಲವ್ ಲೂಸಿ' ಧಾರಾವಾಹಿಯಲ್ಲಿ ಲೂಸಿಗೆ ಹೆರಿಗೆ. ಅದೇ ದಿನ ನಿಜವಾಗಿಯೂ ಬಾಲ್ ಅವರಿಗೆ ಗಂಡುಮಗುವಾಯಿತು. ಸುಮಾರು 4 ಕೋಟಿ 40 ಲಕ್ಷ ಜನ ಆ ಕಂತನ್ನು ನೋಡಿದರು. ಮಾರನೆಯ ದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದನ್ನು ನೋಡಿದವರು ಅದಕ್ಕಿಂತ ಎಷ್ಟೋ ಕಡಿಮೆ. ಆ ಕಂತಿನಲ್ಲಿ ಗಂಡ ರಿಕಿ ಆಸ್ಪತ್ರೆಯ ಕೋಣೆಯಲ್ಲಿ ಚಡಪಡಿಸುತ್ತಿದ್ದಾಗ ಪಕ್ಕದಲ್ಲಿ ನಿಶ್ಚಿಂತೆಯಿಂದ ಕೂತ ಇನ್ನೊಬ್ಬ ತಂದೆ ಇದ್ದಾನೆ. ಆರು ಹೆಣ್ಣುಮಕ್ಕಳ ತಂದೆ. ಅವನಿಗೆ ಹೆರಿಗೆ ಆಸ್ಪತ್ರೆಯೆಂದರೆ ಬಸ್ ನಿಲ್ದಾಣ. ಬರುವುದು ಬರುವ ಹೊತ್ತಿಗೆ ಬರುತ್ತದೆ. ಅವರೇ ಲೇನ್. ಅಮೆರಿಕದ ಹೊಸ ಅಧ್ಯಕ್ಷರಿಗಿಂತ ಹೆಚ್ಚು ಜನ ಆ ವಾರ ನೋಡಿದ್ದು ಈ ಬೇಸರದ ಮುಖವನ್ನು.

ಆಮೇಲೂ ಅವರು ಅದೇ ಕಾರ್ಯಕ್ರಮಕ್ಕೆ ಬೇರೆ ಬೇರೆ ಹೆಸರಿನಲ್ಲಿ ಬಂದರು. ಒಮ್ಮೆ ಲೂಸಿಯ ದುಂದುಗಾರಿಕೆಗೆ ಕಡಿವಾಣ ಹಾಕಲು ನೇಮಿಸಿದ ಲೆಕ್ಕಿಗ ಹಿಕಾಕ್ಸ್, ಇನ್ನೊಮ್ಮೆ ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತ. ಈ ಮನುಷ್ಯನನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಲೂಸಿ ಒಂದು ಸಲವೂ ಕೇಳುವುದಿಲ್ಲ. ಕಚೇರಿಗಳಿಗೆ ಅಲೆದವರಿಗೆ ಇದರಲ್ಲಿ ಅಸಹಜವೇನೂ ಕಾಣದು.

1962ರಲ್ಲಿ 'ದಿ ಲೂಸಿ ಷೋ' ಶುರುವಾದಾಗ ಲೇನ್ ಅವರಿಗೆ ಬಾರ್ನ್ಸ್‌ಡಾಲ್ ಎಂಬ ಬ್ಯಾಂಕ್ ಅಧಿಕಾರಿಯ ಪಾತ್ರ ಖಾಯಂ ಆಗಿ ಸಿಕ್ಕಿತು. ಒಂದೇ ವರ್ಷ. ಆ ಜಾಗಕ್ಕೆ ಲೂಸಿಲ್ ಬಾಲ್ ಮೊದಲಿನಿಂದ ಬಯಸಿದ್ದು ಗೇಲ್ ಗಾರ್ಡನ್ ಎಂಬ ಗುಡುಗುವ ನಟನನ್ನು. ಆದರೆ ಅವರು 'ಡೆನಿಸ್ ದಿ ಮೆನೇಸ್' ಧಾರಾವಾಹಿಗೆ ಒಪ್ಪಂದವಾಗಿದ್ದರು. ಅದು ಮುಗಿದದ್ದೇ ಗಾರ್ಡನ್ ಬಂದರು, ಲೇನ್ ಹೋದರು. ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಚಿತ್ರೀಕರಿಸುವಾಗ ಲೇನ್ ಅವರಿಗೆ ಮಾತು ಮರೆಯುತ್ತಿತ್ತು ಎಂದೂ ಹೇಳುತ್ತಾರೆ. ತಮಾಷೆಯೆಂದರೆ ಲೇನ್ ಕೂಡ ಅದೇ 'ಡೆನಿಸ್'ನಲ್ಲಿ ಔಷಧದ ಅಂಗಡಿಯ ಫಿಂಚ್ ಆಗಿ ಬಂದುಹೋಗುತ್ತಿದ್ದವರು. ಒಂದು ಊರಿನಲ್ಲಿ ಇಬ್ಬರು ಸಿಡುಕರು ಇರಬಹುದು, ಒಂದು ಬ್ಯಾಂಕಿನಲ್ಲಿ ಆಗುವುದಿಲ್ಲ.

ಕೆಲಸ ಹೋದದ್ದು ಒಳ್ಳೆಯದೇ ಆಯಿತು. 1963ರಲ್ಲಿ ಶುರುವಾದ 'ಪೆಟಿಕೋಟ್ ಜಂಕ್ಷನ್' ಅವರಿಗೆ ಹೋಮರ್ ಬೆಡ್ಲೋ ಎಂಬ ರೈಲ್ವೆ ಕಂಪನಿಯ ಉಪಾಧ್ಯಕ್ಷನ ಪಾತ್ರ ಕೊಟ್ಟಿತು. ಹೂಟರ್‌ವಿಲ್ ಎಂಬ ಹಳ್ಳಿಗೆ ಕ್ಯಾನನ್‌ಬಾಲ್ ಎಂಬ ಪುಟ್ಟ ಉಗಿಬಂಡಿ. ಎಂದೋ ಒಂದು ಸೇತುವೆ ಬಿದ್ದು ಮುಖ್ಯ ಮಾರ್ಗದಿಂದ ತುಂಡಾದ ಈ ಕವಲನ್ನು ಕಂಪನಿ ಮರೆತೇಬಿಟ್ಟಿದೆ. ಒಂದು ಎಂಜಿನ್, ಒಂದು ಡಬ್ಬಿ, ಇಬ್ಬರು ನೌಕರರು. ದಾರಿಯಲ್ಲಿ ಮೀನು ಹಿಡಿಯಬೇಕೆನ್ನಿಸಿದರೆ ರೈಲು ನಿಲ್ಲುತ್ತದೆ. ಟೈಂಟೇಬಲ್ ಎಂಬುದಿಲ್ಲ. ಬೆಡ್ಲೋ ಹಳೆಯ ಲೆಕ್ಕದಲ್ಲಿ ಇದನ್ನು ಪತ್ತೆಮಾಡಿ ಮುಚ್ಚಲು ಬರುತ್ತಾನೆ. ಹೋಟೆಲಿನ ಒಡತಿ ಕೇಟ್ ಬ್ರಾಡ್ಲಿ, ಆಕೆಯ ಮೂವರು ಹೆಣ್ಣುಮಕ್ಕಳು, ಇಡೀ ಊರು ಸೇರಿ ಅವನನ್ನು ಬರಿಗೈಲಿ ಓಡಿಸುತ್ತಾರೆ. ಅವನು ಮತ್ತೆ ಬರುತ್ತಾನೆ. ಮತ್ತೆ ಓಡಿಸುತ್ತಾರೆ. ಅವನದೇ ಕಂಪನಿಯ ಅಧ್ಯಕ್ಷನೂ ಕೇಟ್ ಮಾಡಿದ ಅಡುಗೆ ಉಂಡು ಊರಿನವರ ಪಕ್ಷ ಸೇರುತ್ತಾನೆ.

ಬೆಡ್ಲೋ ಪರವಾಗಿ ಎರಡು ಮಾತಾಡಲು ಈ ಭೂಮಿಯ ಮೇಲೆ ಯಾರೂ ಇಲ್ಲದ್ದರಿಂದ ನಾನೇ ಆಡಬೇಕಾಗಿದೆ. ಟಿಕೆಟ್ಟಿನ ಹುಟ್ಟುವಳಿ ಎಷ್ಟು? ಉರುವಲಿನ ಖರ್ಚು ಎಷ್ಟು? ಕಂಪನಿಗೆ ತಿಳಿಯದಂತೆ ವರ್ಷಗಟ್ಟಲೆ ಓಡುವ ರೈಲಿಗೆ ಷರಾ ಬರೆಯದ ಲೆಕ್ಕಿಗನನ್ನು ನಾನು ಲೆಕ್ಕಿಗ ಎನ್ನಲಾರೆ. ಅಮೆರಿಕದಲ್ಲಿ ಆ ದಶಕಗಳಲ್ಲಿ ಇಂಥ ಕವಲು ಮಾರ್ಗಗಳು ನಿಜಕ್ಕೂ ಒಂದೊಂದಾಗಿ ಮುಚ್ಚುತ್ತಿದ್ದವು. ಹೊರಗೆ ಎಲ್ಲ ಕಡೆ ಗೆದ್ದ ಬೆಡ್ಲೋಗಳು ಟಿ.ವಿ.ಯಲ್ಲಿ ಮಾತ್ರ ಸೋಲಬೇಕೆಂದು ಜನ ಬಯಸಿದರು. ಲೇನ್ ಐದಾರು ವರ್ಷ ಬಂದು ಬಂದು ಸೋತುಕೊಟ್ಟರು. ಹೊರಾಂಗಣ ದೃಶ್ಯಗಳಲ್ಲಿ ಕ್ಯಾನನ್‌ಬಾಲ್ ಆಗಿ ಓಡಿದ್ದು ಸಿಯೆರಾ ರೈಲ್ವೆಯ 3ನೇ ನಂಬರಿನ ಎಂಜಿನ್, 1891ರಲ್ಲಿ ತಯಾರಾದದ್ದು. ಈಗಲೂ ಕ್ಯಾಲಿಫೋರ್ನಿಯಾದ ಜೇಮ್ಸ್‌ಟೌನಿನ ರೈಲು ಉದ್ಯಾನದಲ್ಲಿದೆ. ಬೆಡ್ಲೋ ಪ್ರಯತ್ನ ಕೊನೆಗೂ ಫಲಿಸಲಿಲ್ಲ ಎಂದಾಯಿತು.

ಒಂದೇ ಮುಖದ ಮೇಲೆ ಬದುಕಿದ ಇಂಥ ನಟರ ಮಾತೆತ್ತಿದರೆ ಬರ್ಟ್ ಮಸ್ಟಿನ್ ಅವರನ್ನು ಬಿಡುವುದು ಹೇಗೆ? ಲೇನ್ ಮೂವತ್ತರಲ್ಲೇ ಐವತ್ತರ ಸಿಡುಕು ಸಂಪಾದಿಸಿದವರು. ಮಸ್ಟಿನ್ ಕಾರು ಮಾರಿಕೊಂಡಿದ್ದು, ನಿವೃತ್ತರಾಗಿ, 67ನೇ ವಯಸ್ಸಿನಲ್ಲಿ ಮೊದಲ ಚಿತ್ರ ಮಾಡಿದವರು. 1951ರ 'ಡಿಟೆಕ್ಟಿವ್ ಸ್ಟೋರಿ'. ಅಲ್ಲಿಂದಾಚೆ ಅಮೆರಿಕದ ಟಿ.ವಿ.ಗೆ ಒಬ್ಬ ಮುದುಕ ಬೇಕಾದರೆ ಅವರೇ. 1976ರಲ್ಲಿ 'ಫಿಲಿಸ್' ಎಂಬ ಧಾರಾವಾಹಿಯಲ್ಲಿ ಅವರಿಗೂ ಜೂಡಿತ್ ಲೋರಿ ಎಂಬ ವೃದ್ಧ ನಟಿಗೂ ಮದುವೆ ಮಾಡಿಸಿದರು. ಆ ಕಂತು ಪ್ರಸಾರವಾಗುವ ಮೊದಲೇ ವಧು ತೀರಿಕೊಂಡಿದ್ದರು. ಪ್ರಸಾರವಾದ ಮುಂದಿನ ತಿಂಗಳು ವರನೂ ಹೊರಟರು.

ಲೇನ್ ಅವರಿಗೆ ಬಡ್ತಿ ಸಿಕ್ಕಿದ್ದು ಬಹಳ ತಡವಾಗಿ. 1978ರಲ್ಲಿ 'ಸೋಪ್' ಎಂಬ ಹಾಸ್ಯ ಧಾರಾವಾಹಿಯ ಕೊಲೆ ಮೊಕದ್ದಮೆಯಲ್ಲಿ ಅವರನ್ನು ನ್ಯಾಯಾಧೀಶರ ಪೀಠದಲ್ಲಿ ಕೂರಿಸಿದರು. ವಯಸ್ಸು 73. ನಮ್ಮ ಕಡೆ ಸರ್ಕಾರಿ ನೌಕರ ಪಿಂಚಣಿ ತಿಂದು ಹದಿಮೂರು ವರ್ಷ ಕಳೆದಿರುವ ವಯಸ್ಸು. ಅಮೀನನಾಗಿ ಸೇರಿ ಜಡ್ಜಾಗಿ ಮೇಲೇರಿದವರು ನನಗೆ ತಿಳಿದ ಹಾಗೆ ಇನ್ನೊಬ್ಬರಿಲ್ಲ.

ಇಷ್ಟೆಲ್ಲ ಅನ್ನ ಕೊಟ್ಟ ಆ ಮುಖದ ಬಗ್ಗೆ ಅವರಿಗೆ ತಕರಾರೂ ಇತ್ತು. ಒಂದು ಪಾತ್ರ ಚೆನ್ನಾಗಿ ಮಾಡಿದರೆ ಅದೇ ಜಾತಕವಾಗಿ ಅಂಟಿಕೊಳ್ಳುತ್ತದೆ, ಬೇರೆ ಏನೂ ಕೊಡುವುದಿಲ್ಲ ಎಂದು ಗೊಣಗುತ್ತಿದ್ದರು. ನಿಜಜೀವನದಲ್ಲಿ ಸೌಮ್ಯ ಮನುಷ್ಯ ಎಂದು ಬಲ್ಲವರು ಹೇಳುತ್ತಾರೆ. 1931ರಲ್ಲಿ ಮದುವೆಯಾದ ರುತ್ ಅವರೊಂದಿಗೆ, ಆಕೆ 2002ರಲ್ಲಿ ತೀರಿಕೊಳ್ಳುವವರೆಗೆ ಎಪ್ಪತ್ತು ವರ್ಷ ಮೀರಿ ಸಂಸಾರ ಮಾಡಿದರು. ಈ ಅಂಕಿಯನ್ನು ನನ್ನ ಹೆಂಡತಿಗೆ ಹೇಳಿದೆ. "ಪಾಪ, ಆಯಮ್ಮ" ಎಂದಳು. ಹೊರಗೆ ಅಷ್ಟು ಸಿಡುಕಿದವನಿಗೆ ಮನೆಯಲ್ಲಿ ಸಿಡುಕಲು ಬಾಕಿ ಏನೂ ಉಳಿದಿರಲಿಕ್ಕಿಲ್ಲ ಎಂದು ವಾದಿಸಿ ನೋಡಿದೆ. ನನ್ನನ್ನೇ ಒಮ್ಮೆ ದಿಟ್ಟಿಸಿದಳು. ವಾದ ನಿಂತಿತು.

2005ರಲ್ಲಿ, ನೂರು ತುಂಬಿದ ವರ್ಷ, ಟಿ.ವಿ. ಲ್ಯಾಂಡ್ ಪ್ರಶಸ್ತಿ ಸಮಾರಂಭದಲ್ಲಿ ಅವರನ್ನು ಗೌರವಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಲೇನ್ ಹೇಳಿದ್ದರ ತಾತ್ಪರ್ಯ ಇಷ್ಟೇ: ಯಾರಿಗಾದರೂ ಬೇಕಿದ್ದರೆ ಹೇಳಿ, ನಾನು ಈಗಲೂ ಕೆಲಸಕ್ಕೆ ಸಿಗುತ್ತೇನೆ. ಸಭೆ ನಕ್ಕಿತು. ಇನ್ಶೂರೆನ್ಸ್ ಮಾರಿದವರು ತಮಾಷೆಗೆ ಅಂಥ ಮಾತು ಆಡುವುದಿಲ್ಲವೆಂದು ನನ್ನ ಅಂಬೋಣ. ಮರುವರ್ಷವೇ ಒಂದು ಕಿರುಚಿತ್ರಕ್ಕೆ ಅವರ ದನಿ ಬೇಕಾಯಿತು. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಒಬ್ಬ ಮುದುಕ ಮನೆಮನೆಗೆ ಬಂದು ಮಕ್ಕಳಿಗೆ ಉಡುಗೊರೆ ಇಟ್ಟು ಹೋಗುತ್ತಾನಲ್ಲ, ಆ ಕಥೆಯ ನಿರೂಪಣೆಗೆ.